ಮಕ್ಕಳ ಕೈಗೊಂದು ನಿಜವಾದ ಹೊಣೆ

ಆರು ಮತ್ತು ಹನ್ನೊಂದು ವರ್ಷದ ಇಬ್ಬರು ಮಕ್ಕಳಿಗೆ ಪರಿಸರಕ್ಕೆ ಹೊರೆಯಾಗದಂತೆ ಬದುಕುವುದನ್ನೂ ಸುತ್ತಲಿನವರಿಗೆ ನೆರವಾಗುವುದನ್ನೂ ಕಲಿಸಲು ಒಂದು ವರ್ಷದಿಂದ ಪ್ರಯತ್ನಿಸುತ್ತಿರುವುದಾಗಿ ನೀವು ಬರೆದಿದ್ದೀರಿ. ಗೋಡೆಗೆ ಪಟ್ಟಿ ಅಂಟಿಸಿ, ದೀಪ ಆರಿಸಿದರೆ ಒಂದು ನಕ್ಷತ್ರ, ನಲ್ಲಿ ನಿಲ್ಲಿಸಿದರೆ ಇನ್ನೊಂದು ಎಂದು ಕೊಡುತ್ತಾ ಬಂದಿರಿ. ಮೊದಲ ತಿಂಗಳ ಉತ್ಸಾಹ ಇಳಿದ ಮೇಲೆ ನಕ್ಷತ್ರವೂ ಬೇಡ, ಕೆಲಸವೂ ಬೇಡ ಎಂಬಂತಾಯಿತು. ಪರಿಸರ ದಿನದಂದು ನೆಟ್ಟ ಗಿಡ ಒಣಗಿಹೋಯಿತು. ಎಲ್ಲರೂ ಪೋಲು ಮಾಡುವಾಗ ನಾವೊಬ್ಬರು ಉಳಿಸಿ ಏನು ಪ್ರಯೋಜನ ಎಂದು ಹಿರಿಯವನು ಕೇಳುತ್ತಿದ್ದಾನೆ. ಎಲ್ಲಿ ತಪ್ಪಿದೆ ಎಂಬುದು ನಿಮ್ಮ ಪ್ರಶ್ನೆ. ನಾನೂ ಇಬ್ಬರು ಮಕ್ಕಳನ್ನು ಬೆಳೆಸಿದವನು, ಈ ತಪ್ಪುಗಳಲ್ಲಿ ಹೆಚ್ಚಿನವನ್ನು ನಾನೂ ಮಾಡಿದ್ದೇನೆ. ಆದ್ದರಿಂದ ನನ್ನ ಅನುಭವಕ್ಕೆ ಬಂದದ್ದನ್ನು, ಓದಿ ತಿಳಿದದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ನಕ್ಷತ್ರದ ವಿಚಾರ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಅವರ ಸಹೋದ್ಯೋಗಿಗಳು, ಚಿತ್ರ ಬರೆಯುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳನ್ನು ಆರಿಸಿಕೊಂಡು, ಕೆಲವರಿಗೆ ಚಿತ್ರ ಬರೆದರೆ ಬಹುಮಾನ ಪತ್ರ ಕೊಡುವುದಾಗಿ ಮೊದಲೇ ಹೇಳಿದರು. ಕೆಲವು ದಿನಗಳ ನಂತರ ಬಹುಮಾನದ ಮಾತೇ ಇಲ್ಲದೆ ಬಣ್ಣಗಳನ್ನು ಮುಂದಿಟ್ಟಾಗ, ಹಿಂದೆ ಬಹುಮಾನದ ಭರವಸೆ ಪಡೆದಿದ್ದ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ನೆರವಾಗುವ ಗುಣದ ವಿಷಯದಲ್ಲೂ ಹೀಗೆಯೇ ಆಗುತ್ತದೆ. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲೊ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತರೊಬ್ಬರ ಕೈಯಿಂದ ವಸ್ತು ಜಾರಿ ಬಿದ್ದು ಅವರಿಗೆ ಎಟುಕದಾದಾಗ, ಕೇವಲ ಹದಿನೆಂಟು ತಿಂಗಳ ಮಕ್ಕಳು ಯಾರೂ ಹೇಳದಿದ್ದರೂ ಎದ್ದು ಹೋಗಿ ಅದನ್ನು ಎತ್ತಿಕೊಟ್ಟಿದ್ದರು. ಎರಡು ವರ್ಷಗಳ ನಂತರ ಅವರೇ ನಡೆಸಿದ ಇನ್ನೊಂದು ಅಧ್ಯಯನದಲ್ಲಿ, ಹಾಗೆ ನೆರವಾದ ಪ್ರತಿಸಲವೂ ಆಟದ ಸಾಮಾನು ಪಡೆದ ಮಕ್ಕಳು ಆಮೇಲೆ ನೆರವಾಗುವುದನ್ನೇ ಕಡಿಮೆ ಮಾಡಿದರು. ಅಂದರೆ ನೀವು ಬಿತ್ತಬೇಕೆಂದು ಹೊರಟಿರುವ ಗುಣ ಮಕ್ಕಳಲ್ಲಿ ಮೊದಲೇ ಇದೆ, ಪಟ್ಟಿ ಮತ್ತು ನಕ್ಷತ್ರ ಅದನ್ನು ವ್ಯಾಪಾರವಾಗಿಸುತ್ತವೆ. ನಮ್ಮ ಮನೆಯಲ್ಲೂ ಇಂಥ ಪಟ್ಟಿಯೊಂದಿತ್ತು. ನಕ್ಷತ್ರ ಹೆಚ್ಚಲೆಂದು ನನ್ನ ಮಗ ತಾನೇ ದೀಪ ಹಾಕಿ ಆರಿಸುತ್ತಿದ್ದುದನ್ನು ಕಂಡ ದಿನ ಅದನ್ನು ತೆಗೆದುಹಾಕಿದೆ.

ಹಾಗಾದರೆ ಪಟ್ಟಿಯ ಜಾಗದಲ್ಲಿ ಏನಿರಬೇಕು? ಮಗುವಿನ ಕೈಗೆ ನಿಜವಾದ ಹೊಣೆಯೊಂದು ಬರಬೇಕು. ಅದು ನಡೆಯದಿದ್ದರೆ ಯಾರಿಗಾದರೂ ನಿಜಕ್ಕೂ ತೊಂದರೆಯಾಗಬೇಕು, ನಡೆದರೆ ಅದರ ಫಲ ಮಗುವಿನ ಕಣ್ಣಿಗೇ ಕಾಣಬೇಕು. 1987ರಲ್ಲಿ ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್ ಅವರ ಅಧ್ಯಕ್ಷತೆಯ ವಿಶ್ವಸಂಸ್ಥೆಯ ಆಯೋಗವು, ಮುಂದಿನ ಪೀಳಿಗೆಯವರು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವುದಕ್ಕೆ ಅಡ್ಡಿಯಾಗದಂತೆ ಇಂದಿನ ಅಗತ್ಯಗಳನ್ನು ಪೂರೈಸಿಕೊಳ್ಳುವುದೇ ಸುಸ್ಥಿರ ಅಭಿವೃದ್ಧಿ ಎಂದು ಹೇಳಿತು. ದೊಡ್ಡವರ ಭಾಷೆಯಲ್ಲಿ ಇದು ಭಾರವಾಗಿ ಕೇಳಿದರೂ, ಇರುವ ಬಿಸಿನೀರಿನಲ್ಲಿ ತನ್ನ ನಂತರ ತಂಗಿಯೂ ಸ್ನಾನ ಮಾಡಬೇಕೆಂದು ಗೊತ್ತಿರುವ ಮಗುವಿಗೆ ಇದರ ಅರ್ಥ ಆಗಲೇ ತಿಳಿದಿರುತ್ತದೆ. ನನ್ನ ನಂತರ ಇದನ್ನು ಬಳಸುವವರು ಯಾರು ಎಂಬ ಒಂದೇ ಪ್ರಶ್ನೆ ಪರಿಸರಕ್ಕೂ ಸಲ್ಲುತ್ತದೆ, ನೆರೆಹೊರೆಗೂ ಸಲ್ಲುತ್ತದೆ. ನೀವು ಎರಡು ಪಾಠಗಳೆಂದು ಬೇರೆಬೇರೆಯಾಗಿ ಕಲಿಸಲು ಹೊರಟಿದ್ದೀರಿ, ನನಗೆ ಅವೆರಡೂ ಒಂದೇ ಆಗಿ ಕಾಣುತ್ತವೆ.

ನನ್ನ ಮಗಳಿಗೆ ಹತ್ತು ವರ್ಷವಾಗಿದ್ದಾಗ ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ಹನಿಗೂಡಿದರೆ ಹಳ್ಳ ಎಂಬ ಗಾದೆ ಅವಳಿಗೆ ಬಾಯಿಪಾಠವಾಗಿತ್ತು, ನಲ್ಲಿಯನ್ನು ಬಿಗಿಯಾಗಿ ತಿರುಗಿಸು ಎಂದು ನಾನು ಹೇಳಿದ್ದಕ್ಕೂ ಲೆಕ್ಕವಿರಲಿಲ್ಲ. ಎರಡರಿಂದಲೂ ಏನೂ ಆಗಿರಲಿಲ್ಲ. ಒಂದು ರಜಾದಿನ ನಲ್ಲಿಯ ಕೆಳಗೆ ಒಂದು ಲೀಟರಿನ ಪಾತ್ರೆ ಇಟ್ಟು, ಅದು ತುಂಬಲು ಎಷ್ಟು ಹೊತ್ತು ಬೇಕೆಂದು ನೋಡಿ ಬರೆದಿಡಲು ಹೇಳಿದೆ. ಗಂಟೆಗೆ ಒಂದು ಲೀಟರು ಬಂತು. ಅವಳೇ ಗುಣಿಸಿದಳು: ದಿನಕ್ಕೆ 24 ಲೀಟರು, ವರ್ಷಕ್ಕೆ 8,760 ಲೀಟರು. ಕುಡಿಯುವುದು, ಅಡುಗೆ, ಶುಚಿತ್ವ ಇತ್ಯಾದಿ ಮೂಲ ಅಗತ್ಯಗಳಿಗೆ ಒಬ್ಬರಿಗೆ ದಿನಕ್ಕೆ 50ರಿಂದ 100 ಲೀಟರು ನೀರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ ಎಂದು ನಾನು ತಿಳಿಸಿದಾಗ, ಅವಳು ಮತ್ತೆ ಪೆನ್ಸಿಲು ಹಿಡಿದು 8,760ನ್ನು 50ರಿಂದ ಭಾಗಿಸಿ, ಒಬ್ಬರ 175 ದಿನಗಳ ನೀರು ನಮ್ಮ ಒಂದು ನಲ್ಲಿಯಿಂದ ಹೋಗುತ್ತಿದೆ ಎಂದು ಓಡಿಬಂದು ಹೇಳಿದಳು. ಸಂಜೆ ಇಬ್ಬರೂ ಸೇರಿ ನೀರಿನ ಮುಖ್ಯ ಗೇಟ್‌ವಾಲ್ವ್ ಮುಚ್ಚಿ, ಸ್ಪ್ಯಾನರ್ ಹಿಡಿದು ನಲ್ಲಿಯ ತಲೆ ಬಿಚ್ಚಿದೆವು. ಒಳಗಿದ್ದ ರಬ್ಬರ್ ವಾಷರ್ ಸವೆದು, ಒಂದು ಅಂಚಿನಲ್ಲಿ ಹರಿದಿತ್ತು. ಹೆಬ್ಬೆಟ್ಟಿನ ಉಗುರಿಗಿಂತ ಸ್ವಲ್ಪವೇ ದೊಡ್ಡದಾದ ಆ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಅವಳು ಬಹಳ ಹೊತ್ತು ನೋಡಿದಳು. ಹೊಸ ವಾಷರ್ ಹಾಕಿದ್ದೂ ಅವಳೇ. ಆ ದಿನದಿಂದ ನಮ್ಮ ಮನೆಯ ನಲ್ಲಿಗಳ ಉಸ್ತುವಾರಿ ಅವಳದು, ನಾನು ನೆನಪಿಸಬೇಕಾಗಿ ಬಂದಿಲ್ಲ.

ಕಿರಿಯ ಮಗುವಿಗೆ ಗೊಬ್ಬರದ ಡಬ್ಬಿ ಒಳ್ಳೆಯ ಆರಂಭ. ಆರು ವರ್ಷದ ಮಗುವಿಗೆ ಹುಳು, ಮಣ್ಣು, ಬಿಸಿ, ವಾಸನೆ ಎಲ್ಲವೂ ಕುತೂಹಲದ ವಿಷಯಗಳು. ತರಕಾರಿಯ ಸಿಪ್ಪೆಯನ್ನು ಚಿಕ್ಕದಾಗಿ ಹರಿದು ಹಾಕುವುದು, ಅದರ ಮೇಲೆ ಅದಕ್ಕಿಂತ ಹೆಚ್ಚು ಒಣ ಎಲೆಯನ್ನೋ ಚೂರು ಮಾಡಿದ ಕಾಗದವನ್ನೋ ಹರಡುವುದು, ವಾರಕ್ಕೊಮ್ಮೆ ಕೋಲಿನಿಂದ ತಿರುವಿ ಗಾಳಿ ಆಡಿಸುವುದು, ಇಷ್ಟು ಅವನ ಕೆಲಸ. ಒಂದು ವಿಷಯದಲ್ಲಿ ಮಾತ್ರ ನೀವು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು: ಕೆಲಸ ಕೆಟ್ಟರೆ ರಾತ್ರೋರಾತ್ರಿ ನೀವೇ ಸರಿಮಾಡಿ ಇಡಬಾರದು. ನನ್ನ ಮಗ ಒಣ ಎಲೆ ಹಾಕುವುದನ್ನು ಮರೆತು ಹತ್ತು ದಿನ ಬರೀ ಹಸಿಯನ್ನೇ ತುಂಬಿದ್ದ. ಮುಚ್ಚಳ ತೆಗೆದರೆ ತಳದಲ್ಲಿ ಕಪ್ಪು ನೀರು ನಿಂತು, ಕೊಳೆತ ಮೊಟ್ಟೆಯಂಥ ನಾತ ಹೊಡೆಯುತ್ತಿತ್ತು. ಬೈಯುವುದು ಸುಲಭವಾಗಿತ್ತು. ಡಬ್ಬಿಯೊಳಗೆ ಗಾಳಿ ಇಲ್ಲದಾಗ ಬೇರೆ ಬಗೆಯ ಸೂಕ್ಷ್ಮಜೀವಿಗಳು ಬೆಳೆದು ಈ ವಾಸನೆ ಬರುತ್ತದೆ ಎಂದೂ, ಕಸದ ದೊಡ್ಡ ಗುಡ್ಡಗಳ ಒಳಗೆ ಇದೇ ರೀತಿ ಮೀಥೇನ್ ಹುಟ್ಟುತ್ತದೆ ಎಂದೂ, 100 ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ ಎಂದೂ ಅವನ ಮಟ್ಟಕ್ಕೆ ಇಳಿಸಿ ಹೇಳಿದೆ. ಮೂಗು ಮುಚ್ಚಿಕೊಂಡೇ ಅವನು ಒಣ ಎಲೆ ಬೆರೆಸಿದ. ನಾಲ್ಕು ದಿನದಲ್ಲಿ ನಾತ ಇಳಿಯಿತು, ಸುಮಾರು ಮೂರು ತಿಂಗಳಿಗೆ ಮಳೆ ಬಿದ್ದ ನೆಲದ ವಾಸನೆಯ ಕಪ್ಪು ಗೊಬ್ಬರ ಸಿಕ್ಕಿತು.

ಇದರಿಂದ ಇನ್ನೊಂದು ಲಾಭವೂ ಆಯಿತು. ಡಬ್ಬಿಗೆ ಏನು ಬೀಳುತ್ತದೆ ಎಂದು ದಿನವೂ ನೋಡುವ ಮಗುವಿಗೆ, ತಟ್ಟೆಯಲ್ಲಿ ಬಿಟ್ಟದ್ದು ಎಷ್ಟು ಎಂಬುದೂ ಕಾಣತೊಡಗುತ್ತದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು, ಅದರಲ್ಲಿ ಸುಮಾರು ಶೇ. 60 ಭಾಗ ಹೋದದ್ದು ಮನೆಗಳಿಂದಲೇ. ಈ ಅಂಕಿಯನ್ನು ಹಿರಿಯವನಿಗೆ ಹೇಳಿ. ಕಿರಿಯವನಿಗೆ ಡಬ್ಬಿ ಸಾಕು.

ಗಿಡ ಒಣಗಿದ್ದಕ್ಕೆ ಮಕ್ಕಳನ್ನು ದೂರಬೇಡಿ. ನೆಡುವ ದಿನಕ್ಕೆ ಇದ್ದ ಸಂಭ್ರಮ ನೀರೆರೆಯುವ ದಿನಗಳಿಗೆ ಇರುವುದಿಲ್ಲ, ಅದು ದೊಡ್ಡವರ ಕಾರ್ಯಕ್ರಮಗಳಲ್ಲೂ ಕಾಣುವ ಕೊರತೆಯೇ. ವಂಗಾರಿ ಮಾಥಾಯಿ 1977ರಲ್ಲಿ ಕೀನ್ಯಾದಲ್ಲಿ ಹಸಿರು ಪಟ್ಟಿ ಚಳವಳಿ ಆರಂಭಿಸಿದಾಗ, ಸಸಿ ಬೆಳೆಸಿದ ಹಳ್ಳಿಯ ಹೆಣ್ಣುಮಕ್ಕಳಿಗೆ ಸಣ್ಣ ಮೊತ್ತ ಸಿಗುತ್ತಿದ್ದುದು ಬದುಕುಳಿದ ಸಸಿಗಳ ಲೆಕ್ಕದಲ್ಲಿ. ಆ ಕೆಲಸ ಕೋಟಿಗಟ್ಟಲೆ ಮರಗಳಾಗಿ ಬೆಳೆಯಿತು, 2004ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ನೀವೂ ಹತ್ತು ಗಿಡ ನೆಡುವ ಆಸೆ ಬಿಟ್ಟು, ನಿಮ್ಮ ನೆಲಕ್ಕೆ ಒಗ್ಗುವ ಒಂದೇ ಗಿಡ ಆರಿಸಿ, ಬೇರು ಆಳಕ್ಕೆ ಇಳಿಯುವವರೆಗೆ, ಅಂದರೆ ಮೊದಲ ಎರಡು ವರ್ಷ, ಅದನ್ನು ಉಳಿಸುವುದನ್ನೇ ಗುರಿಯಾಗಿ ಇಟ್ಟುಕೊಳ್ಳಿ.

ಇನ್ನು ನೆರೆಹೊರೆಯ ಸೇವೆ. ಇಲ್ಲಿ ನಾನು ಮಾಡಿದ ತಪ್ಪಿನ ನೆನಪು ಇಂದಿಗೂ ಕಾಡುತ್ತದೆ. ಮಕ್ಕಳಿಗೆ ಕೊಡುವ ಗುಣ ಬರಲೆಂದು ಹಳೆಯ ಆಟಿಕೆಗಳನ್ನೆಲ್ಲ ಚೀಲಕ್ಕೆ ತುಂಬಿ, ಅವರನ್ನು ಕರೆದುಕೊಂಡು ಒಂದು ಮಕ್ಕಳ ಆಶ್ರಯಧಾಮಕ್ಕೆ ಹೋಗಿದ್ದೆ. ಅಲ್ಲಿದ್ದವರು ಸೌಜನ್ಯದಿಂದಲೇ ಚೀಲ ತೆಗೆದುಕೊಂಡರು. ಹೊರಡುವಾಗ ನನ್ನ ಮಗಳು, ಚಕ್ರ ಮುರಿದ ಗಾಡಿಯನ್ನು ನಾವೇ ಇಷ್ಟಪಡದೆ ಮೂಲೆಗೆ ಹಾಕಿದ್ದೆವಲ್ಲ ಅಪ್ಪ, ಅವರಿಗೆ ಏಕೆ ಕೊಟ್ಟೆವು ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಮರುವಾರ ದೂರವಾಣಿ ಮಾಡಿ ನಿಮಗೆ ಏನು ಬೇಕು ಎಂದು ವಿಚಾರಿಸಿದಾಗ, ಶನಿವಾರ ಮಧ್ಯಾಹ್ನ ಮಕ್ಕಳ ಜೊತೆ ಕೂತು ಓದಲು ಯಾರಾದರೂ ಬಂದರೆ ಸಾಕು ಎಂದರು. ಯಾರಿಗೆ ನೆರವಾಗಬೇಕೆಂದಿದ್ದೀರೋ ಅವರನ್ನು ಮೊದಲು ಕೇಳಿ, ಆ ಕೇಳುವ ಕೆಲಸವನ್ನೂ ಮಕ್ಕಳ ಕೈಯಲ್ಲೇ ಮಾಡಿಸಿ.

ನಮ್ಮ ಪಕ್ಕದ ಮನೆಯ ಅಜ್ಜಿಗೆ ಕಣ್ಣು ಮಂಜಾಗಿತ್ತು. ಏನು ಮಾಡಲಿ ಅಜ್ಜಿ ಎಂದು ನನ್ನ ಮಗ ಕೇಳಿದ್ದಕ್ಕೆ, ಬೇರೇನೂ ಬೇಡ, ದಿನಪತ್ರಿಕೆ ಓದಿ ಹೇಳು ಎಂದರು. ವಾರಕ್ಕೆರಡು ದಿನ ಅವನು ಓದಿದ; ತಡವರಿಸಿದ ಪದವನ್ನು ಅವರು ತಿದ್ದಿದರು. ಒಂದು ದಿನ ಅವನ ಚೀಲದ ಹರಿದ ಪಟ್ಟಿಯನ್ನು ಕೈಯಲ್ಲಿ ಮುಟ್ಟಿ ನೋಡಿ, ಸೂಜಿದಾರ ತಾ ಎಂದರು. ಸೂಜಿಗೆ ದಾರ ಪೋಣಿಸಿದ್ದು ಅವನ ಕಣ್ಣು, ಹೊಲಿಗೆ ನಡೆಸಿದ್ದು ಅವರ ಬೆರಳು. ಎಳೆ ಸಡಿಲವಾಗದಂತೆ ಹಿಂದಕ್ಕೆ ಚುಚ್ಚಿ ಮುಂದಕ್ಕೆ ತೆಗೆಯುವ ಆ ಹೊಲಿಗೆಯನ್ನು ಅವನು ಅಲ್ಲೇ ಕಲಿತ, ಆ ಚೀಲ ಇನ್ನೆರಡು ವರ್ಷ ಬಾಳಿತು. ಹಳತನ್ನು ಎಸೆಯಬೇಡ ಎಂದು ನಾನು ಹೇಳಿ ಸೋತದ್ದನ್ನು ಅಜ್ಜಿ ಒಂದು ಮಧ್ಯಾಹ್ನದಲ್ಲಿ ಕಲಿಸಿಬಿಟ್ಟರು. ನೆರವು ಒಂದೇ ದಿಕ್ಕಿನಲ್ಲಿ ಹರಿದರೆ ಮಗುವಿನಲ್ಲಿ ತಾನು ದೊಡ್ಡವನೆಂಬ ಭಾವ ಬೆಳೆಯುವ ಅಪಾಯವಿದೆ, ಎರಡೂ ಕಡೆಯಿಂದ ಹರಿದಾಗ ಸ್ನೇಹ ಬೆಳೆಯುತ್ತದೆ.

ಹೆದರಿಸಿ ಕಲಿಸುವುದು ಮಾತ್ರ ಬೇಡ. 2021ರಲ್ಲಿ ಹತ್ತು ದೇಶಗಳ 16ರಿಂದ 25 ವರ್ಷದ 10,000 ಯುವಜನರ ಸಮೀಕ್ಷೆಯಲ್ಲಿ ಶೇ. 59ರಷ್ಟು ಮಂದಿ ಹವಾಮಾನ ಬದಲಾವಣೆಯ ಬಗ್ಗೆ ತೀವ್ರವಾಗಿ ಚಿಂತಿತರಾಗಿರುವುದಾಗಿ ಹೇಳಿದ್ದರು. ಚಿಂತೆ ಮುಂದೆ ತಾನಾಗಿಯೇ ಬರುತ್ತದೆ. ಪರಿಸರ ಶಿಕ್ಷಣದಲ್ಲಿ ದೀರ್ಘಕಾಲ ಕೆಲಸ ಮಾಡಿರುವ ಡೇವಿಡ್ ಸೋಬೆಲ್, ನಾಲ್ಕನೆಯ ತರಗತಿಗಿಂತ ಮುಂಚೆ ಮಕ್ಕಳ ಮುಂದೆ ಪ್ರಕೃತಿಯ ದುರಂತಗಳನ್ನು ಹರಡಬೇಡಿ ಎನ್ನುತ್ತಾರೆ. ಕರಗುವ ಹಿಮದ ಚಿತ್ರ ತೋರಿಸುವ ಮೊದಲು ಇರುವೆ ಸಾಲಿನ ಮುಂದೆ ಅರ್ಧ ಗಂಟೆ ಕೂರಲು ಬಿಡಿ, ನೀವೂ ಪಕ್ಕದಲ್ಲಿ ಕೂರಿ. ಪರಿಸರಕ್ಕಾಗಿ ದುಡಿದವರ ಬಾಲ್ಯವನ್ನು ಅಧ್ಯಯನ ಮಾಡಿದ ಲೂಯಿಸ್ ಚಾವ್ಲಾ ಅವರಿಗೆ ಮತ್ತೆ ಮತ್ತೆ ಕಂಡದ್ದು ಎರಡು: ಬಯಲಿನಲ್ಲಿ ಕಳೆದ ಹೊತ್ತು, ಮತ್ತು ಅದನ್ನು ಪ್ರೀತಿಸುತ್ತಿದ್ದ ಒಬ್ಬ ಹಿರಿಯರ ಒಡನಾಟ.

ಕೊನೆಗೆ ನಿಮ್ಮ ಹಿರಿಯ ಮಗನ ಪ್ರಶ್ನೆ. ಅವನು ಕೇಳುತ್ತಿರುವುದು ಸರಿಯಾಗಿಯೇ ಇದೆ, ಅದನ್ನು ಅಡ್ಡ ಮಾತಿನಿಂದ ತಳ್ಳಿಹಾಕಬೇಡಿ. ಒಂದು ಮನೆ ಉಳಿಸುವುದರಿಂದ ಜಗತ್ತಿನ ಲೆಕ್ಕ ಬದಲಾಗುವುದಿಲ್ಲ ಎಂಬುದನ್ನೂ, ವಿದ್ಯುತ್ತು, ಕಾರ್ಖಾನೆ, ಸಾರಿಗೆಗಳ ದೊಡ್ಡ ನಿರ್ಧಾರಗಳು ಆಡಳಿತದ ಮೇಜಿನ ಮೇಲೆ ಆಗುತ್ತವೆ ಎಂಬುದನ್ನೂ ಹೇಳಿ, ಆ ಮೇಜಿನವರೆಗೆ ತನ್ನ ಮಾತು ತಲುಪಿಸಲು ಅವನಿಗೂ ದಾರಿಯಿದೆ ಎಂದು ತೋರಿಸಿಕೊಡಿ. ನನ್ನ ಮಗಳು ಹನ್ನೆರಡನೆಯ ವಯಸ್ಸಿನಲ್ಲಿ, ನಮ್ಮ ಬೀದಿಯ ಮೂರು ದೀಪಗಳು ಹಗಲಿಡೀ ಉರಿಯುವುದನ್ನು ಗಮನಿಸಿ, ಎರಡು ವಾರ ದಿನಾಂಕ, ಹೊತ್ತು, ಕಂಬದ ಸಂಖ್ಯೆಗಳನ್ನು ಬರೆದಿಟ್ಟು, ಸ್ಥಳೀಯ ಆಡಳಿತಕ್ಕೆ ಪತ್ರ ಬರೆದಳು. ಉತ್ತರ ಬರಲಿಲ್ಲ. ಅವಳು ಬೇಸರಗೊಂಡಾಗ ನಾನು ಪತ್ರವನ್ನು ನನ್ನ ಹೆಸರಿನಲ್ಲಿ ಕಳಿಸುವುದಾಗಿ ಹೇಳಿದೆ, ಅವಳು ಒಪ್ಪಲಿಲ್ಲ. ಮೊದಲಿನ ಪತ್ರದ ಪ್ರತಿಯನ್ನು ಲಗತ್ತಿಸಿ, ಬೀದಿಯ ಹನ್ನೊಂದು ಮನೆಗಳ ಬಾಗಿಲು ತಟ್ಟಿ ಸಹಿ ಹಾಕಿಸಿ, ಎರಡನೆಯದನ್ನು ಬರೆದಳು. ಮೂರು ವಾರಗಳ ನಂತರ ಏಣಿ ಹೊತ್ತ ಇಬ್ಬರು ಕೆಲಸಗಾರರು ಬಂದು ಎರಡು ದೀಪಗಳನ್ನು ಸರಿಪಡಿಸಿದರು. ಮೂರನೆಯದು ಇನ್ನೂ ಹಗಲಿನಲ್ಲಿ ಉರಿಯುತ್ತಿದೆ, ಅದರ ಕುರಿತ ಪತ್ರ ಈಗ ಅವಳ ಮೇಜಿನ ಮೇಲೆ ಅರ್ಧ ಬರೆದಂತಿದೆ.