ದೆಹಲಿಯ ಹಳೇ ಪೋರ್ಷೆ ಅಗ್ಗಕ್ಕೆ ಸಿಗ್ತಿದೆ, ಬೆಂಗಳೂರಿಗೆ ತರಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. 2014ರ ಪೋರ್ಷೆ ಬಾಕ್ಸ್‌ಸ್ಟರ್, 2.7 ಲೀಟರ್ ಎಂಜಿನ್, ದೆಹಲಿ ನೋಂದಣಿ, 22 ಸಾವಿರ ಕಿಲೋಮೀಟರ್ ಓಡಿದೆ. ಬೆಂಗಳೂರಿನಲ್ಲಿ ಇಂಥದ್ದೇ ಗಾಡಿಗೆ ಕೇಳುವುದಕ್ಕಿಂತ 8 ಲಕ್ಷ ಕಮ್ಮಿ ಹೇಳುತ್ತಿದ್ದಾರೆ. ವಿಡಿಯೋ ಕಾಲ್‌ನಲ್ಲಿ ನೋಡಿದ್ದೀರಿ, ಫಳಫಳ ಹೊಳೆಯುತ್ತಿದೆ. ಟೋಕನ್ ಕೊಟ್ಟು ಹಿಡಿದಿಟ್ಟುಕೊಳ್ಳಲೇ ಅಂತ ಕೇಳಿದ್ದೀರಿ.

ಈಗಲೇ ಕೊಡಬೇಡಿ. ಗಾಡಿಯನ್ನು ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಬಹಳ ಒಳ್ಳೆಯ ಗಾಡಿ ಅದು. ನನ್ನ ಹತ್ತಿರ ಐದು ವರ್ಷದಿಂದ ಇದೇ ಮಾದರಿಯದು ಇದೆ, 2013ರದು. ಅದನ್ನು ತೆಗೆದುಕೊಳ್ಳುವ ಮುಂಚೆ ಹದಿನಾಲ್ಕು ತಿಂಗಳು ಹುಡುಕಿದ್ದೆ, ಒಂಬತ್ತು ಗಾಡಿ ನೋಡಿದ್ದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಮೊದಲು ಆ 8 ಲಕ್ಷದ ಲೆಕ್ಕ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಜೀವಾವಧಿ ತೆರಿಗೆ ಶೇ 18. ಅದರ ಮೇಲೆ ಸೆಸ್ ಬೇರೆ. ಹೊರರಾಜ್ಯದ ಗಾಡಿ ತಂದು ಇಲ್ಲಿ ನೋಂದಣಿ ಮಾಡಿಸಿದರೂ ಲೆಕ್ಕ ಶುರುವಾಗುವುದು ಇಲ್ಲಿಂದಲೇ. ಗಾಡಿಯ ವಯಸ್ಸು ನೋಡಿ ಒಂದಷ್ಟು ಇಳಿಸುತ್ತಾರೆ. ಜನ ಎಡವುವುದು ಒಂದೇ ಕಡೆ. ನೀವು ಎಷ್ಟು ಕೊಟ್ಟು ತಂದಿರಿ ಅನ್ನುವುದನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಹೊಸದರಲ್ಲಿ ಆ ಗಾಡಿಯ ಬೆಲೆ ಎಷ್ಟಿತ್ತೋ ಅದರ ಮೇಲೆ ತೆರಿಗೆ. ಅದರ ಇನ್‌ವಾಯ್ಸ್ 70 ಲಕ್ಷ ಅಂತ ಇಟ್ಟುಕೊಳ್ಳಿ. ಶೇ 18 ಅಂದರೆ 12 ಲಕ್ಷ 60 ಸಾವಿರ. ವಯಸ್ಸಿನ ರಿಯಾಯಿತಿ ಕಳೆದರೂ ಉಳಿಯುವುದು ಲಕ್ಷಗಳಲ್ಲೇ. ಸಾಗಿಸುವ ಟ್ರಕ್ಕಿನ ಬಾಡಿಗೆ, ನೀವು ಹೋಗಿಬರುವ ಖರ್ಚು, ಆರ್‌ಟಿಒ ಓಡಾಟ ಸೇರಿಸಿ. ನಿಮಗೆ ಉಳಿತಾಯ ಅಂತ ಕಾಣುತ್ತಿರುವ ದುಡ್ಡಿನಲ್ಲಿ ದೊಡ್ಡ ಪಾಲು ಇಲ್ಲೇ ಕರಗಿತು. ದೆಹಲಿಯಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ಪಾಲನ್ನು ವಾಪಸ್ ಕೇಳಬಹುದು ಅಂತ ಮಾರುವವರು ಹೇಳುತ್ತಾರೆ. ಕೇಳಿ ನೋಡಿ, ಆದರೆ ಆ ದುಡ್ಡನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ.

ಆರ್‌ಸಿ ಪ್ರತಿ ಮತ್ತು ಇನ್‌ವಾಯ್ಸ್ ತರಿಸಿಕೊಳ್ಳಿ. ಅವನ್ನು ಹಿಡಿದು ನಿಮ್ಮ ಆರ್‌ಟಿಒ ಕಚೇರಿಗೆ ಹೋಗಿ ತೆರಿಗೆ ಎಷ್ಟಾಗುತ್ತದೆ ಅಂತ ಕೇಳಿ. ಆ ಅಂಕಿ ಕೈಯಲ್ಲಿ ಇಟ್ಟುಕೊಂಡು ಬೆಲೆ ಮಾತಾಡಿ. ಇನ್‌ವಾಯ್ಸ್ ಕೊಡಲ್ಲ ಅಂದರೆ ಮಾತು ಅಲ್ಲಿಗೇ ನಿಲ್ಲಿಸಿ.

"ದೆಹಲಿಯ ಡಿಎಲ್ ನಂಬರ್‌ನಲ್ಲೇ ಓಡಿಸು, ಯಾರು ಕೇಳ್ತಾರೆ" ಅನ್ನುವವರು ಸಿಕ್ಕೇ ಸಿಗುತ್ತಾರೆ. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ, ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಮಾಡಿಸಲೇಬೇಕು. 2025ರ ಫೆಬ್ರುವರಿಯಲ್ಲಿ ನಮ್ಮ ಸಾರಿಗೆ ಇಲಾಖೆಯವರು ಬೆಂಗಳೂರಿನಲ್ಲಿ ತೆರಿಗೆ ಕಟ್ಟದ ಸುಮಾರು 30 ದುಬಾರಿ ಕಾರುಗಳನ್ನು ಹಿಡಿದು ನಿಲ್ಲಿಸಿದ್ದರು. ಅದರಲ್ಲಿ ಪೋರ್ಷೆಗಳೂ ಇದ್ದವು. ಬಾಕ್ಸ್‌ಸ್ಟರ್ ಥರದ ಗಾಡಿ ಸಿಗ್ನಲ್‌ನಲ್ಲಿ ನಿಂತರೆ ಪಕ್ಕದ ಬೈಕಿನವರು ಫೋಟೋ ತೆಗೆಯುತ್ತಾರೆ. ಅದನ್ನು ಮರೆಯಲ್ಲಿಟ್ಟು ಓಡಿಸೋಕೆ ಆಗಲ್ಲ.

ಇನ್ನು ಗಾಡಿ ನೋಡುವ ವಿಷಯ. ಇದಕ್ಕೆ ನನಗಾದ ಒಂದು ಅನುಭವ ಹೇಳಬೇಕು.

ನಾನು ಮೊದಲು ಇಷ್ಟಪಟ್ಟಿದ್ದು 2008ರ ಬಾಕ್ಸ್‌ಸ್ಟರ್ ಎಸ್, 3.4 ಲೀಟರಿನದು. ಬೆಂಗಳೂರಿನದೇ, ಹಳೇ ಕಾರು ಮಾರುವ ಒಬ್ಬರ ಹತ್ತಿರ ಇತ್ತು. ಬೆಳಿಗ್ಗೆ ಏಳಕ್ಕೆ ಬರುತ್ತೇನೆ, ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ದಿನವೇ ಕೇಳಿಕೊಂಡಿದ್ದೆ. ಹೋದವನು ಮೊದಲು ಹಿಂದೆ ಕುಕ್ಕರಗಾಲಲ್ಲಿ ಕೂತು ಸೈಲೆನ್ಸರ್ ಪೈಪ್ ಮುಟ್ಟಿದೆ. ಬಿಸಿ. ಕೈ ಇಡೋಕೆ ಆಗದಷ್ಟು ಬಿಸಿ. "ಬೇಸ್‌ಮೆಂಟ್‌ನಿಂದ ಮೇಲೆ ತಂದ್ವಿ ಸರ್, ಅಷ್ಟೇ" ಅಂದರು. ಓಡಿಸಿದೆ. ಬೆಣ್ಣೆಯಂತೆ ಓಡಿತು. ಅವತ್ತೇ ಅಡ್ವಾನ್ಸ್ ಕೊಟ್ಟುಬಿಡುವುದರಲ್ಲಿದ್ದೆ. ನನ್ನ ಜೊತೆ ಬಂದಿದ್ದ ಮೆಕ್ಯಾನಿಕ್ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದು, "ನಾಳೆ ಇನ್ನೊಂದ್ಸಲ ಬರೋಣ, ಹೇಳದೆ ಬರೋಣ" ಅಂದರು.

ಮಾರನೇ ದಿನ ಬಾಗಿಲು ತೆಗೆಯುವ ಹೊತ್ತಿಗೆ ಹೋದೆವು. ಪೈಪ್ ತಣ್ಣಗಿತ್ತು. ಸ್ಟಾರ್ಟ್ ಮಾಡಿದ ತಕ್ಷಣ ಹಿಂದಿನಿಂದ ಟಕ್ ಟಕ್ ಟಕ್ ಅಂತ ಒಂದು ಸದ್ದು. ಹೊಲಿಗೆ ಮೆಷಿನ್ ಓಡುತ್ತಿರುವ ಹಾಗೆ. ಹೊಗೆ ನೀಲಿ ಬಣ್ಣದ್ದು, ಒಂದೆರಡು ನಿಮಿಷವಾದರೂ ನಿಲ್ಲಲಿಲ್ಲ. ಪ್ಲಗ್ ಬಿಚ್ಚಿ ಒಳಗೆ ಬೋರ್‌ಸ್ಕೋಪ್, ಅಂದರೆ ತೆಳು ಕೊಳವೆಯ ತುದಿಯ ಸಣ್ಣ ಕ್ಯಾಮೆರಾ, ಬಿಡಲು ಒಪ್ಪಿದರೆ ಮಾತ್ರ ಮುಂದಿನ ಮಾತು ಅಂದೆ. ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು. ಪರದೆಯ ಮೇಲೆ ಸಿಲಿಂಡರಿನ ಒಳಗೋಡೆ ಕಾಣಿಸಿತು. ಮೇಲಿಂದ ಕೆಳಗೆ ಉದ್ದುದ್ದ ಗೀರುಗಳು, ಬೆಳ್ಳಿ ಲೋಟದ ಮೇಲೆ ಮೊಳೆಯಲ್ಲಿ ಎಳೆದ ಹಾಗೆ. ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಬೇಕಾದ ಕೆಲಸ ಅದು. ಇಬ್ಬರೂ ಮಾತಿಲ್ಲದೆ ವಾಪಸ್ ಬಂದೆವು.

ಆ ಕಾಲದ ಪೋರ್ಷೆ ಎಂಜಿನ್‌ನಲ್ಲಿ ಸಿಲಿಂಡರಿನ ಒಳಮೈ ಕಬ್ಬಿಣದ್ದಲ್ಲ. ಸಿಲಿಕಾನ್ ಬೆರೆತ ಅಲ್ಯೂಮಿನಿಯಂ, ಲೋಕಾಸಿಲ್ ಅನ್ನುತ್ತಾರೆ. ಪಿಸ್ಟನ್ ಮೇಲಿನ ಲೇಪ ಸವೆದರೆ ಅಲ್ಯೂಮಿನಿಯಂಗೆ ಅಲ್ಯೂಮಿನಿಯಂ ಉಜ್ಜಿ ಗೀರು ಬೀಳುತ್ತದೆ. ಅದಕ್ಕಿಂತ ಹಳೆಯ, 1997ರಿಂದ 2005ರವರೆಗಿನ ಎಂಜಿನ್‌ಗಳಲ್ಲಿ ಐಎಂಎಸ್ ಬೇರಿಂಗ್, ಅಂದರೆ ಎಂಜಿನ್ ಒಳಗಿನ ಮಧ್ಯಂತರ ಶಾಫ್ಟಿನ ಬೇರಿಂಗ್, ಅನ್ನುವ ಇನ್ನೊಂದು ತಲೆನೋವು. ಅದು ಒಡೆದರೆ ಎಂಜಿನ್ನೇ ಹೋಯಿತು. ನೀವು ಇಂಟರ್‌ನೆಟ್‌ನಲ್ಲಿ ನೋಡಿ ಹೆದರಿರುವುದು ಇವೆರಡನ್ನೇ. 2009ರ ಮಾದರಿಯಿಂದ ಎಂಜಿನ್ ಹೊಸದಾಗಿ ಬಂತು, ಅದರಲ್ಲಿ ಆ ಐಎಂಎಸ್ ಶಾಫ್ಟೇ ಇಲ್ಲ. 2012ರಲ್ಲಿ ಬಂದ, ಪೋರ್ಷೆಯವರು 981 ಅಂತ ಸಂಖ್ಯೆ ಕೊಟ್ಟ ಬಾಕ್ಸ್‌ಸ್ಟರ್, ಅಂದರೆ ನೀವು ನೋಡುತ್ತಿರುವುದು, ಆ ಹೊಸ ಪೀಳಿಗೆಯದು. ಈ ವಿಷಯದಲ್ಲಿ ನೆಮ್ಮದಿಯಾಗಿರಿ. ಹಾಗಂತ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿಸದೆ ಮಾತ್ರ ಬರಬೇಡಿ. ಒಂದು ಮಾತು ನೆನಪಿಡಿ. ಇದು ಮಲಗಿದ ಎಂಜಿನ್. ಮೂರು ಸಿಲಿಂಡರ್ ಆ ಕಡೆ, ಮೂರು ಈ ಕಡೆ. ನಿಂತಾಗ ಒಂದಿಷ್ಟು ಎಣ್ಣೆ ಒಳಗೆ ಉಳಿಯುತ್ತದೆ. ಹಾಗಾಗಿ ಸ್ಟಾರ್ಟ್ ಆದಾಗ ಒಂದು ಪುಸುಕು ಹೊಗೆ ಬಂದು ಹೋದರೆ ಗಾಬರಿ ಬೇಡ. ನಿಲ್ಲದೆ ಬಂದರೆ ಮಾತ್ರ ಕೈ ಬಿಡಿ.

22 ಸಾವಿರ ಕಿಲೋಮೀಟರ್ ಅನ್ನುವುದನ್ನೂ ಪರೀಕ್ಷೆ ಮಾಡಿಸಿ. ಇದಕ್ಕೆ ಒಳ್ಳೆಯ ದಾರಿ ಇದೆ. ಪೋರ್ಷೆಯ ಡಯಾಗ್ನಸ್ಟಿಕ್ ಯಂತ್ರ, ಪಿವಿಸ್ ಅನ್ನುತ್ತಾರೆ, ಅದನ್ನು ಹಾಕಿದರೆ ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಅನ್ನುವುದು ಬರುತ್ತದೆ. ಕಿಲೋಮೀಟರನ್ನು ಗಂಟೆಯಿಂದ ಭಾಗಿಸಿ. 22 ಸಾವಿರಕ್ಕೆ 900 ಗಂಟೆ ಅಂದರೆ ಸರಾಸರಿ ವೇಗ 24 ಚಿಲ್ಲರೆ. ಊರೊಳಗೂ ಹೈವೇಯಲ್ಲೂ ಓಡಿದ ಗಾಡಿಗೆ ಅದು ನಂಬುವಂಥ ಅಂಕಿ. ಗಂಟೆ 2,500 ತೋರಿಸಿದರೆ ಸರಾಸರಿ 9ಕ್ಕೆ ಇಳಿಯುತ್ತದೆ. ಆಗ ಮೀಟರ್ ಹಿಂದಕ್ಕೆ ತಿರುಗಿಸಿರಬಹುದು ಅಂತ ಅನುಮಾನ ಪಡಬೇಕು. ಎಂಜಿನ್ ಮಿತಿ ಮೀರಿ ತಿರುಗಿದ್ದರೆ ಅದರ ದಾಖಲೆಯೂ ಅಲ್ಲೇ ಸಿಗುತ್ತದೆ. ಪಿಡಿಕೆ, ಅಂದರೆ ಪೋರ್ಷೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇದ್ದರೆ ಅದರ ಚಿಂತೆ ಕಮ್ಮಿ, ತಪ್ಪು ಗೇರಿಗೆ ಅದು ಬಿಡುವುದಿಲ್ಲ. ಈ ಪರೀಕ್ಷೆಗೆ ದುಡ್ಡು ಆಗುತ್ತದೆ. ಅಲ್ಲಿನ ಪೋರ್ಷೆ ಸೆಂಟರ್‌ನಲ್ಲೋ, ಇದೇ ಗಾಡಿಗಳ ಕೆಲಸ ಮಾಡುವ ಗ್ಯಾರೇಜಿನಲ್ಲೋ ನೀವೇ ಕಟ್ಟಿ ಮಾಡಿಸಿ. ಮಾರುವವರು ಮಾಡಿಸಿಟ್ಟ ರಿಪೋರ್ಟ್ ನನಗೆ ಸಾಕಾಗುವುದಿಲ್ಲ.

ಕಮ್ಮಿ ಓಡಿದೆ ಅಂದಮಾತ್ರಕ್ಕೆ ಖುಷಿಪಡುವ ಹಾಗೂ ಇಲ್ಲ. ವರ್ಷಗಟ್ಟಲೆ ಸುಮ್ನೆ ನಿಂತ ಗಾಡಿಯಲ್ಲಿ ರಬ್ಬರ್ ಒಣಗುತ್ತದೆ, ಬ್ಯಾಟರಿ ಸಾಯುತ್ತದೆ, ಟೈರ್ ಕಲ್ಲಾಗುತ್ತದೆ. ಟೈರಿನ ಪಕ್ಕದಲ್ಲಿ ಡಾಟ್ ಅಂತ ಶುರುವಾಗುವ ಸಾಲು ಇದೆ. ಅದರ ಕೊನೆಯ ನಾಲ್ಕು ಅಂಕಿ ನೋಡಿ. 2317 ಅಂತ ಇದ್ದರೆ 2017ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಮೈಮೇಲಿನ ಗೆರೆಗಳು ಎಷ್ಟೇ ಆಳ ಇರಲಿ, ಆ ಟೈರ್ ಹಾಕಿಕೊಂಡು ಜೋರಾಗಿ ಓಡಿಸಬಾರದು. ಎನ್‌0, ಎನ್‌1 ಅಂತ ಗುರುತಿದ್ದರೆ ಪೋರ್ಷೆಯವರೇ ಒಪ್ಪಿದ ಟೈರ್. ನಾಲ್ಕೂ ಒಂದೇ ಕಂಪನಿಯದು ಇರಬೇಕು. ಹಳೇ ಟೈರ್ ಅಂದರೆ ನಾಲ್ಕು ಹೊಸ ಟೈರಿನ ದುಡ್ಡನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ. ಸರ್ವೀಸ್ ಪುಸ್ತಕದಲ್ಲಿ ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ, ಸ್ಪಾರ್ಕ್ ಪ್ಲಗ್ ನಾಲ್ಕು ವರ್ಷಕ್ಕೊಮ್ಮೆ ಬದಲಾಗಿದೆಯಾ ನೋಡಿ. "ಓಡೇ ಇಲ್ಲ ಸರ್, ಯಾಕೆ ಬದಲಾಯಿಸಬೇಕು" ಅಂದರೆ ಆ ಗಾಡಿಯನ್ನು ಹೇಗೆ ನೋಡಿಕೊಂಡಿದ್ದಾರೆ ಅಂತ ಗೊತ್ತಾಯಿತು.

ಈಗ ನೀರು. ಬಾಕ್ಸ್‌ಸ್ಟರ್‌ಗೆ ಬಟ್ಟೆಯ ಮಾಡು. ಮಳೆ ನೀರು ಮಾಡಿನ ಹಿಂದಿನ ಎರಡು ಮೂಲೆಗೆ ಇಳಿದು, ಅಲ್ಲಿನ ಸಣ್ಣ ತೂತುಗಳಿಂದ ಕೆಳಗೆ ಹೋಗಬೇಕು. ಕಸ ಸಿಕ್ಕಿಕೊಂಡರೆ ನೀರು ಒಳಗೆ ಬರುತ್ತದೆ. ನನ್ನ ಗಾಡಿ ಮೊದಲ ವರ್ಷ ಮನೆ ಮುಂದಿನ ಗುಲ್‌ಮೊಹರ್ ಮರದ ಕೆಳಗೆ ನಿಲ್ಲುತ್ತಿತ್ತು. ಅದರ ಎಲೆ ನಿಮಗೆ ಗೊತ್ತಲ್ವಾ, ಅಕ್ಕಿಕಾಳಿನಷ್ಟು ಚಿಕ್ಕದು. ಒಂದು ಜೋರು ಮಳೆಯ ಮಾರನೇ ದಿನ ಸೀಟಿನ ಹಿಂದಿನ ಕಾರ್ಪೆಟ್ ಒತ್ತಿದರೆ ಬೆರಳ ಸಂದಿಯಲ್ಲಿ ನೀರು ಬಂತು. ಮಾಡನ್ನು ಅರ್ಧ ತೆಗೆದು ಟಾರ್ಚ್ ಹಿಡಿದು ನೋಡಿದೆ. ತೂತಿನ ಬಾಯಿಗೆ ಆ ಎಲೆಗಳೆಲ್ಲ ಸೇರಿ ಕಪ್ಪು ಮುದ್ದೆಯಾಗಿ ಕೂತಿದ್ದವು. ಬೆರಳಲ್ಲೇ ಎತ್ತಿ ತೆಗೆದೆ. ಗೊಬ್ಬರದ ವಾಸನೆ. ಇವತ್ತಿಗೂ ಮಳೆಗಾಲಕ್ಕೆ ಮುಂಚೆ ಒಮ್ಮೆ, ನಡುವೆ ಒಮ್ಮೆ ಅಲ್ಲಿ ಕೈ ಹಾಕುತ್ತೇನೆ. ನೀವು ಗಾಡಿ ನೋಡುವಾಗ ಕಾರ್ಪೆಟ್ ಒತ್ತಿ ನೋಡಿ, ಮೂಸಿ ನೋಡಿ.

ಮುಂದಿನ ಬಂಪರಿನ ಎರಡು ಬದಿಯ ಜಾಲರಿಯೊಳಗೂ ಟಾರ್ಚ್ ಬಿಡಿ. ರೇಡಿಯೇಟರ್ ಮತ್ತು ಎಸಿ ಕಂಡೆನ್ಸರ್ ಅಲ್ಲೇ ಇವೆ. ದೆಹಲಿಯ ದೂಳು, ಎಲೆ ಎಲ್ಲ ಅಲ್ಲಿ ತುಂಬಿಕೊಂಡು ತುಕ್ಕು ಹಿಡಿಸುತ್ತದೆ.

ಪ್ರವಾಹದಲ್ಲಿ ಮುಳುಗಿದ ಗಾಡಿಯ ಬಗ್ಗೆಯೂ ಎಚ್ಚರ ಇರಲಿ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಯಮಲೂರಿನ ಬಡಾವಣೆಯಲ್ಲಿ ಕೋಟಿ ಬೆಲೆಯ ಕಾರುಗಳು ನೀರಲ್ಲಿ ನಿಂತ ಚಿತ್ರ ನಾವೆಲ್ಲ ನೋಡಿದ್ದೇವೆ. ಅಂಥ ಗಾಡಿ ಒಂದೂರಲ್ಲಿ ಮುಳುಗಿ ಇನ್ನೊಂದೂರಲ್ಲಿ ತೊಳೆದು ಮಾರಾಟಕ್ಕೆ ಬರಬಹುದು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಸುರುಳಿಯ ಒಳಗಿನ ಭಾಗದಲ್ಲಿ ಮಣ್ಣಿನ ಗೆರೆ ಇದ್ದರೆ ಗಾಡಿ ಮುಳುಗಿರಬಹುದು, ಯಾವ ಪಾಲಿಶ್ ಕೂಡ ಆ ಗೆರೆಯನ್ನು ಮುಚ್ಚುವುದಿಲ್ಲ. ಸೀಟಿನ ಬೋಲ್ಟ್‌ಗಳಲ್ಲಿ ತುಕ್ಕು ಇದೆಯಾ ನೋಡಿ. ವಿಮೆ ಕ್ಲೇಮ್ ಇತಿಹಾಸವನ್ನೂ ಕೇಳಿ ಪಡೆಯಿರಿ.

ಕಾಗದಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ. ದೆಹಲಿ ಆರ್‌ಟಿಒದ ಎನ್‌ಒಸಿಗೆ, ಅಂದರೆ ನಿರಾಕ್ಷೇಪಣಾ ಪತ್ರಕ್ಕೆ, ಫಾರ್ಮ್ 28, ಹೆಸರು ಬದಲಾವಣೆಗೆ 29 ಮತ್ತು 30, ಸಾಲ ಇದ್ದರೆ ತೀರಿಸಿದ ಮೇಲೆ ಬ್ಯಾಂಕಿನ ಪತ್ರದ ಜೊತೆ 35. ಎನ್‌ಒಸಿ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಚಾಸಿಸ್ ನಂಬರನ್ನು ಆರ್‌ಸಿ ಜೊತೆ ನೀವೇ ಕಣ್ಣಾರೆ ಹೋಲಿಸಿ. 2014ರ ಗಾಡಿಯ ಆರ್‌ಸಿ 2029ಕ್ಕೆ ನವೀಕರಣಕ್ಕೆ ಬರುತ್ತದೆ, ಅದೂ ನೆನಪಿರಲಿ. ಪೆಟ್ರೋಲ್ ಕನಿಷ್ಠ 95 ಆಕ್ಟೇನ್ ಹಾಕಬೇಕು, ಬೆಂಗಳೂರಿನಲ್ಲಿ ಅದಕ್ಕೆ ತೊಂದರೆ ಇಲ್ಲ.

ನಾನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಕೇಳಿದ್ದೀರಿ. ಆ 8 ಲಕ್ಷ ಜಾಸ್ತಿ ಕೊಟ್ಟು ಕೆಎ ನಂಬರಿನ ಗಾಡಿಯನ್ನೇ ತೆಗೆದುಕೊಳ್ಳುತ್ತಿದ್ದೆ. ತೆರಿಗೆ ಕಟ್ಟಿಯಾಗಿದೆ. ಬೆಳಿಗ್ಗೆ ಎದ್ದು ತಣ್ಣಗಿರುವಾಗ ಹೋಗಿ ಎರಡು ಸಲ, ಮೂರು ಸಲ ನೋಡಬಹುದು. ಸರ್ವೀಸ್ ಮಾಡಿದವರ ಜೊತೆ ಕೂತು ಮಾತಾಡಬಹುದು. ನಾನು ಕೊನೆಗೆ ಮಾಡಿದ್ದೂ ಅದೇ. ಮೊದಲ ಮಾಲೀಕರು ಪ್ರತಿ ಬಿಲ್ ಜೋಡಿಸಿಟ್ಟ ಫೈಲ್ ಒಂದನ್ನು ಕೀ ಜೊತೆ ನನ್ನ ಕೈಗಿಟ್ಟರು, ಪೆಟ್ರೋಲ್ ಬಿಲ್ ಕೂಡ ಇತ್ತು ಅದರಲ್ಲಿ. ಈ ಐದು ವರ್ಷದಲ್ಲಿ ಮಾಮೂಲಿ ಸರ್ವೀಸ್, ಒಂದು ಸೆಟ್ ಟೈರ್, ಒಂದು ಬ್ಯಾಟರಿ ಬಿಟ್ಟರೆ ದೊಡ್ಡ ಖರ್ಚು ಬಂದಿಲ್ಲ. ಭಾನುವಾರ ಬೆಳಕು ಹರಿಯುವ ಮುಂಚೆ ಹೊರಟು ಸಕಲೇಶಪುರದ ಕಡೆ ಹೋಗುತ್ತೇನೆ. ಹಾಸನ ದಾಟಿ ತಂಪು ಗಾಳಿ ಬಂದಾಗ ಮಾಡು ತೆಗೆದರೆ, ಬೆನ್ನ ಹಿಂದೆಯೇ ಆ ಆರು ಸಿಲಿಂಡರಿನ ಸದ್ದು ಕೇಳುತ್ತದೆ. ಅದಕ್ಕಾಗಿ ಹದಿನಾಲ್ಕು ತಿಂಗಳು ಕಾದದ್ದು ನನಗೆ ಜಾಸ್ತಿ ಅನಿಸಿಲ್ಲ.

ದೆಹಲಿ ಗಾಡಿಯೇ ಬೇಕು ಅಂದರೆ ಹಿಂದಿನ ರಾತ್ರಿಯೇ ಅಲ್ಲಿಗೆ ಹೋಗಿ ಉಳಿದುಕೊಳ್ಳಿ, ಬೆಳಿಗ್ಗೆ ಮೊದಲು ಸೈಲೆನ್ಸರ್ ಮುಟ್ಟಿ. ಟೈರಿನ ಡಾಟ್ ಅಂಕಿ, ಸರ್ವೀಸ್ ಪುಸ್ತಕದ ಪುಟಗಳು, ಎಂಜಿನ್ ಗಂಟೆಯ ರಿಪೋರ್ಟ್, ಇವುಗಳ ಫೋಟೋ ಸಿಕ್ಕರೆ ಇಲ್ಲೇ ಕೆಳಗೆ ಹಾಕಿ. ನೋಡಿ ನನಗೆ ತಿಳಿದದ್ದು ಹೇಳುತ್ತೇನೆ.