ಓದುಗರ ಪ್ರಶ್ನೆ: ಒಂದೇ ಕಮಾಂಡ್ ಲೈನ್, ಇಬ್ಬರು ಹಕ್ಕುದಾರರು

ಪ್ರಶ್ನೆ: ಸರ್ವರ್ ಎಷ್ಟು ಹೊರೆ ತಾಳುತ್ತದೆಂದು ಪರೀಕ್ಷಿಸುವ ಲೋಕಸ್ಟ್ ಎಂಬ ಉಪಕರಣವನ್ನು ಲೈಬ್ರರಿಯಾಗಿ ನನ್ನ ಪೈಥಾನ್ ಸ್ಕ್ರಿಪ್ಟಿಗೆ ಸೇರಿಸಿದ್ದೇನೆ. ಸ್ಕ್ರಿಪ್ಟಿಗೆ --ಟಾರ್ಗೆಟ್ ಎಂಬ ಸ್ವಂತ ಆಯ್ಕೆಯಿದೆ. ಬರೀ ರನ್ನರ್ (ಪರೀಕ್ಷೆ ನಡೆಸುವ ಭಾಗ) ಓಡಿಸಿದರೆ ತೊಂದರೆಯಿಲ್ಲ. ಲೋಕಸ್ಟಿನ ವೆಬ್ ಪುಟ ಸೇರಿಸಿದರೆ ‘ಅನ್‌ರೆಕಗ್ನೈಸ್ಡ್ ಆರ್ಗ್ಯುಮೆಂಟ್ಸ್’ ಎಂದು ನಿಂತುಬಿಡುತ್ತದೆ. ಏಕೆ?

ಉತ್ತರ: ಕಮಾಂಡ್ ಲೈನಿನಲ್ಲಿ ಬರೆದದ್ದೆಲ್ಲ ಇರುವ ಸಿಸ್.ಆರ್ಗ್‌ವಿ ಪಟ್ಟಿಯನ್ನು ಎರಡು ಪಾರ್ಸರ್‌ಗಳು (ಆಯ್ಕೆಗಳನ್ನು ಬಿಡಿಸಿ ಓದುವ ಕೋಡ್), ನಿಮ್ಮದೊಂದು, ಲೋಕಸ್ಟಿನದೊಂದು, ಓದುತ್ತಿವೆ. ಲೋಕಸ್ಟ್ ಪರೀಕ್ಷೆಯ ಸಿದ್ಧತೆ ಹಿಡಿದಿಡುವ ಎನ್ವಿರಾನ್‌ಮೆಂಟ್ ಆಗಲಿ, ರನ್ನರ್ ಕಟ್ಟುವ ಕ್ರಿಯೇಟ್_ಲೋಕಲ್_ರನ್ನರ್ ಆಗಲಿ ಕಮಾಂಡ್ ಲೈನಿನ ಗೊಡವೆಗೆ ಹೋಗುವುದಿಲ್ಲ. ವೆಬ್ ಪುಟ ಹಾಗಲ್ಲ. ಫಾರ್ಮಿನಲ್ಲಿ ತೋರಿಸಬೇಕಾದ ಹೆಚ್ಚುವರಿ ಆಯ್ಕೆಗಳು ಯಾವುವೆಂದು ತಿಳಿಯಲು ಅದು ಲೋಕಸ್ಟಿನ ಪಾರ್ಸರನ್ನು ಕರೆಯುತ್ತದೆ. ಕೈಗೆ ಪಟ್ಟಿ ಕೊಡದಿದ್ದರೆ ಆ ಪಾರ್ಸರ್ ಸಿಸ್.ಆರ್ಗ್‌ವಿಯನ್ನೇ ಓದುತ್ತದೆ, ಅಲ್ಲಿ ಗುರುತಿಲ್ಲದ --ಟಾರ್ಗೆಟ್ ಕಂಡು ಕೋಡ್ 2ರ ಸಿಸ್ಟಮ್‌ಎಕ್ಸಿಟ್ ಎಸೆಯುತ್ತದೆ. ‘ಎಕ್ಸೆಪ್ಟ್ ಎಕ್ಸೆಪ್ಶನ್’ ಬರೆದು ಹಿಡಿಯಲು ಹೋಗಬೇಡಿ, ಸಿಸ್ಟಮ್‌ಎಕ್ಸಿಟ್ ಆ ವರ್ಗಕ್ಕೆ ಸೇರಿದ್ದಲ್ಲ.

ನಿಮ್ಮ ಪಾರ್ಸರ್ ಮೊದಲು ಓದಲಿ, ಮಿಕ್ಕಿದ್ದನ್ನಷ್ಟೇ ಬಿಡಲಿ:

ನನ್ನವು, ಉಳಿದವು = ಪಾರ್ಸರ್.ಪಾರ್ಸ್_ನೋನ್_ಆರ್ಗ್ಸ್()
ಸಿಸ್.ಆರ್ಗ್‌ವಿ[1:] = ಉಳಿದವು

ಈ ಎರಡು ಸಾಲು ವೆಬ್ ಪುಟ ಕಟ್ಟುವ ಕ್ರಿಯೇಟ್_ವೆಬ್_ಯುಐ ಕರೆಗಿಂತ ಮುಂಚೆ ಬರಬೇಕು. ಆಮೇಲೆ ಹಳೆಯ ಪಟ್ಟಿಯನ್ನು ಮರಳಿ ತುಂಬಬೇಡಿ. ಬ್ರೌಸರಿನಲ್ಲಿ ಪುಟ ತೆರೆದಾಗಲೂ ಓದು ನಡೆಯಬಹುದು.

ನಿಮ್ಮ ಪಾರ್ಸರ್ ಕಟ್ಟುವಾಗ ಅಲೌ_ಅಬ್ರೆವ್=ಫಾಲ್ಸ್ (ಆಯ್ಕೆಯ ಹೆಸರನ್ನು ಮೊಟಕಾಗಿಸಲು ಬಿಡದಿರುವುದು) ಕೊಡುವುದನ್ನು ಮರೆಯಬಾರದು. ಇಲ್ಲದಿದ್ದರೆ ನಿಮ್ಮದೊಂದು --ಹೋಸ್ಟ್-ಫೈಲ್ ಇದ್ದಾಗ, ಬಳಕೆದಾರ ಲೋಕಸ್ಟಿಗೆಂದು ಬರೆದ --ಹೋಸ್ಟನ್ನು (ಪರೀಕ್ಷಿಸಬೇಕಾದ ವಿಳಾಸ) ಅದರ ಸಂಕ್ಷಿಪ್ತ ರೂಪವೆಂದು ನಿಮ್ಮ ಪಾರ್ಸರೇ ಸದ್ದಿಲ್ಲದೆ ನುಂಗುತ್ತದೆ. ಲೋಕಸ್ಟಿಗೆ ಕಮಾಂಡ್ ಲೈನಿನಿಂದ ಏನೂ ಹೋಗಬೇಕಿಲ್ಲವೆಂದರೆ ಸಾದಾ ಪಾರ್ಸ್_ಆರ್ಗ್ಸ್ ಬಳಸಿ, ಸಿಸ್.ಆರ್ಗ್‌ವಿ[1:] ಭಾಗವನ್ನು ಖಾಲಿ ಮಾಡಿ. ನಮ್ಮ ಮಟ್ಟಿಗೆ ಇದೇ ವಾಸಿ: ಕಾಗುಣಿತ ತಪ್ಪಿದ ಆಯ್ಕೆ ಅಲ್ಲೇ ಸಿಕ್ಕಿಬೀಳುತ್ತದೆ.

ಪ್ರಶ್ನೆ: ಹಾಗೆ ಉಳಿಸಿದ --ಹೋಸ್ಟ್, -ಯು (ಪರೀಕ್ಷೆಯ ಕೃತಕ ಬಳಕೆದಾರರ ಸಂಖ್ಯೆ) ಬೆಲೆಗಳು ಪರೀಕ್ಷೆಗೆ ತಲುಪುತ್ತಲೇ ಇಲ್ಲ. ಎನ್ವಿರಾನ್‌ಮೆಂಟಿನ ಪಾರ್ಸ್ಡ್_ಆಪ್ಷನ್ಸ್ ಒಳಗಿನ ಬೆಲೆ ಮುಟ್ಟಿದರೆ ಆಟ್ರಿಬ್ಯೂಟ್‌ಎರರ್.

ಉತ್ತರ: ಎನ್ವಿರಾನ್‌ಮೆಂಟಿಗೆ ನೀವು ಕೊಡದ ಹೊರತು ಪಾರ್ಸ್ಡ್_ಆಪ್ಷನ್ಸ್ ‘ನನ್’ (ಏನೂ ಇಲ್ಲ) ಆಗಿಯೇ ಇರುತ್ತದೆ. ಲೋಕಸ್ಟ್.ಆರ್ಗ್ಯುಮೆಂಟ್_ಪಾರ್ಸರ್ ಒಳಗಿನ ಪಾರ್ಸ್_ಆಪ್ಷನ್ಸ್(ಉಳಿದವು) ಕರೆದು ಬಂದದ್ದನ್ನು ಅಲ್ಲಿಗೆ ದಾಟಿಸಿ. ಹೋಸ್ಟನ್ನು ಎನ್ವಿರಾನ್‌ಮೆಂಟಿಗೆ ಬೇರೆಯಾಗಿಯೇ ಕೊಡಬೇಕು. ಬಳಕೆದಾರರ ಸಂಖ್ಯೆ ಮತ್ತು ಸ್ಪಾನ್ ರೇಟ್ (ಸೆಕೆಂಡಿಗೆ ಎಷ್ಟು ಬಳಕೆದಾರರು ಶುರುವಾಗಬೇಕು) ಎರಡೂ ರನ್ನರ್.ಸ್ಟಾರ್ಟ್ ಕರೆಗೆ. ಪಟ್ಟಿ ಖಾಲಿಯಿದ್ದರೂ ಲೋಕಸ್ಟ್_ಹೋಸ್ಟ್‌ನಂಥ ಪರಿಸರ ಚರಗಳಿಂದ, ಲೋಕಸ್ಟ್.ಕಾನ್ಫ್ ಕಡತದಿಂದ ಬೆಲೆಗಳು ನುಸುಳುತ್ತವೆ. ಎಲ್ಲಿಂದ ಬಂತೋ ತಿಳಿಯದ ಹೋಸ್ಟ್ ಕಂಡರೆ ಮೊದಲು ಅಲ್ಲಿ ಹುಡುಕಿ.