ಜೈಲಿಗೆ ಹೋದ ಕೂಡಲೇ ರಕ್ತ ಪರೀಕ್ಷೆ ಯಾಕೆ?

ಶಿರಸಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: 'ಹೊಡೆದಾಟದ ಕೇಸಿನಲ್ಲಿ ನನ್ನ ತಮ್ಮ ಕಾರವಾರ ಜೈಲಿನಲ್ಲಿದ್ದಾನೆ. ಒಳಗೆ ಹೋದ ವಾರದಲ್ಲೇ ಎಚ್‌ಐವಿ ಪರೀಕ್ಷೆಗೆ ರಕ್ತ ತೆಗೆದರಂತೆ. ಅವನು ಅಂಥವನಲ್ಲ. ಜೊತೆಗಿದ್ದವರಿಂದ ಕಾಯಿಲೆ ಅಂಟಿದರೆ ಏನು ಗತಿ? ರಿಪೋರ್ಟು ನಮಗೆ ಕೊಡುತ್ತಾರಾ?'

ಅಕ್ಕಾ, ಆ ಪರೀಕ್ಷೆಗೂ ತಮ್ಮನ ನಡತೆಗೂ ಸಂಬಂಧ ಇಲ್ಲ. ಜೈಲಿನಲ್ಲಿರುವವರಿಗೆ ಎಚ್‌ಐವಿ ಪರೀಕ್ಷೆ, ಆಪ್ತಸಮಾಲೋಚನೆ, ಚಿಕಿತ್ಸೆ ಸಿಗಬೇಕು ಎಂದು 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ. ಆದರೆ ಅವನ ಒಪ್ಪಿಗೆ ಕೇಳಿಯೇ ರಕ್ತ ತೆಗೆಯಬೇಕು. ರಿಪೋರ್ಟು ಅವನದು. ಅವನಾಗಿ ಹೇಳಿದರೆ ಸರಿ, ನೀವು ಹೋಗಿ ಕೇಳುವ ಹಾಗಿಲ್ಲ.

ನಿಮಗೆ ಜೈಲಿನ ಒಳಗಿನ ಭಯ. ನನಗೆ ಅವನು ಹೊರಗಿದ್ದ ದಿನಗಳದ್ದೇ ಜಾಸ್ತಿ ಯೋಚನೆ. ಜೈಲು ಸೇರುವವರಲ್ಲಿ ಎಷ್ಟೋ ಜನ ವರ್ಷಗಟ್ಟಲೆ ಡಾಕ್ಟರ ಮುಖ ನೋಡಿರುವುದಿಲ್ಲ. ಸೂಜಿ ಚುಚ್ಚಿಕೊಳ್ಳುವ ನಶೆಯವರಿರುತ್ತಾರೆ, ಕಾಂಡೋಮ್ ಇಲ್ಲದ ಸಂಬಂಧ ಇದ್ದವರಿರುತ್ತಾರೆ. ಸೋಂಕು ಅವರ ಜೊತೆಗೇ ಒಳಗೆ ಬಂದಿರುತ್ತದೆ, ಗೊತ್ತಾಗುವುದು ಮಾತ್ರ ಅಲ್ಲಿ.

ಲೈಂಗಿಕ ಸಂಬಂಧದಿಂದ ಹರಡುವ ಸಿಫಿಲಿಸ್ ಎಂಬ ಕಾಯಿಲೆ ಅಂತೂ ಮಹಾ ಕಳ್ಳ. ಗುಪ್ತಾಂಗದಲ್ಲಿ ಒಂದು ಹುಣ್ಣು ಏಳುತ್ತದೆ, ನೋವಿರುವುದಿಲ್ಲ. ಕೆಲವು ವಾರಕ್ಕೆ ತಾನೇ ಮಾಯುತ್ತದೆ. ವಾಸಿಯಾಯಿತು ಅಂತ ಆಸಾಮಿ ಸುಮ್ನಾಗುತ್ತಾನೆ. ರೋಗ ಮೈಯೊಳಗೇ ಇರುತ್ತದೆ, ಹೆಂಡತಿಗೆ ಹೋಗುತ್ತದೆ, ಅವಳು ಬಸುರಿಯಾದರೆ ಮಗುವಿಗೂ ಹೋಗುತ್ತದೆ. ಬೇಗ ಸಿಕ್ಕಿದರೆ ಪೆನ್ಸಿಲಿನ್ ಇಂಜೆಕ್ಷನ್ ಸಾಕು.

ಹಾಗಾಗಿ ತಮ್ಮನಿಗೆ ಮದುವೆಯಾಗಿದ್ದರೆ ಅವನ ಹೆಂಡತಿಯೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲಿ. ಅವನ ರಿಪೋರ್ಟಿಗೆ ಕಾಯುವುದು ಬೇಡ. ಅದಕ್ಕಾಗಿ ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಹೋಗಬೇಕಾಗಿಲ್ಲ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ (ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಎಚ್‌ಐವಿ ಪರೀಕ್ಷೆ ಉಚಿತ, ಗುಟ್ಟು ಹೊರಗೆ ಹೋಗುವುದಿಲ್ಲ. ಸಿಫಿಲಿಸ್ ಬಗ್ಗೆಯೂ ಅಲ್ಲೇ ಕೇಳಲಿ. ಮೊದಲು ಫೋನಿನಲ್ಲಿ ವಿಚಾರಿಸಬೇಕು ಅನಿಸಿದರೆ ಏಡ್ಸ್ ಸಹಾಯವಾಣಿ 1097ಕ್ಕೆ ಮಾಡಿ.

ಇನ್ನು ಅಂಟುವ ಮಾತು. ಒಂದೇ ಕೋಣೆಯಲ್ಲಿ ಮಲಗಿದರೆ, ಒಟ್ಟಿಗೆ ಉಂಡರೆ ಎಚ್‌ಐವಿ ಬರುವುದಿಲ್ಲ. ಒಬ್ಬರು ಬಳಸಿದ ಶೇವಿಂಗ್ ಬ್ಲೇಡು, ಹಚ್ಚೆ ಹಾಕುವ ಸೂಜಿ ಮುಟ್ಟಬೇಡ ಅಂತ ಭೇಟಿಗೆ ಹೋದಾಗ ಹೇಳಿ. ಯಕೃತ್ತಿಗೆ ತಗಲುವ ಹೆಪಟೈಟಿಸ್ ಬಿ, ಸಿ ಕೂಡ ರಕ್ತದಿಂದ ದಾಟುತ್ತವೆ. ಬಿಗೆ ಲಸಿಕೆ ಇದೆ, ಸಿಗೆ ವಾಸಿಯಾಗುವ ಮಾತ್ರೆ ಇದೆ.

ಎಚ್‌ಐವಿ ಇಲ್ಲ ಅಂತ ಬಂದರೂ ಒಂದು ವಿಷಯ ನೆನಪಿರಲಿ. ಸೋಂಕು ತಗುಲಿ ಮೂರು ತಿಂಗಳು ತುಂಬದಿದ್ದರೆ ಪರೀಕ್ಷೆಯಲ್ಲಿ ಕಾಣದೇ ಹೋಗಬಹುದು. ಅನುಮಾನ ಇದ್ದರೆ ಮತ್ತೊಮ್ಮೆ ಮಾಡಿಸಿ ಅಂತ ಅವನೇ ಜೈಲಿನ ಡಾಕ್ಟರಿಗೆ ಕೇಳಬಹುದು. ಅಷ್ಟರಲ್ಲಿ ಜಾಮೀನು ಸಿಕ್ಕರೆ ಶಿರಸಿಯಲ್ಲೇ ಮಾಡಿಸಲಿ.